ಏರ್‌ಪೋರ್ಟ್ ರೈಲಿನ ಟಿಕೆಟ್ ಎಷ್ಟು, ಅದರ ಪಕ್ಕದ ಬಸ್ಸಿನ ಟಿಕೆಟ್ ಎಷ್ಟು

(ಹೋದ ಭಾನುವಾರ ನಮ್ಮ ಬಡಾವಣೆ ಹಾಲ್‌ನಲ್ಲಿ ಮಾತಾಡಿದ್ದನ್ನ ಬರೆದು ಕೊಡಿ ಅಂತ ಬಹಳ ಜನ ಕೇಳಿದ್ರು. ಮಾತಾಡಿದ ಧಾಟಿಯಲ್ಲೇ ಟೈಪ್ ಮಾಡಿದ್ದೀನಿ, ಮಧ್ಯೆ ಬಂದ ಪ್ರಶ್ನೆಗಳನ್ನೂ ಅಲ್ಲಲ್ಲೇ ಸೇರಿಸಿದ್ದೀನಿ.)

ಎಲ್ಲರಿಗೂ ನಮಸ್ಕಾರ.

ಹೆಬ್ಬಾಳ, ಯಲಹಂಕ ಕಡೆ ಓಡಾಡೋರು ದಿನಾ ನೋಡ್ತಿರ್ತೀರಿ, ಬಳ್ಳಾರಿ ರೋಡ್ ಪಕ್ಕ ಮೆಟ್ರೋ ಪಿಲ್ಲರ್‌ಗಳು ಎದ್ದಿವೆ. ಕೆ.ಆರ್. ಪುರದಿಂದ ಹೊರಟು ಹೆಬ್ಬಾಳ, ಜಕ್ಕೂರು, ಯಲಹಂಕ, ದೊಡ್ಡಜಾಲ ದಾಟಿ ದೇವನಹಳ್ಳಿ ಏರ್‌ಪೋರ್ಟ್ ತನಕ ಹೋಗೋ ಬ್ಲೂ ಲೈನ್ ಅದು. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ತನಕದ ಭಾಗವನ್ನೂ ಸೇರಿಸಿದ್ರೆ ಒಟ್ಟು 58 ಕಿಲೋಮೀಟರ್. 2021ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗ ಅಂದಾಜು ಖರ್ಚು 14,788 ಕೋಟಿ. ಇದರ ಬಗ್ಗೆ ಯಾರನ್ನ ಮಾತಾಡಿಸಿದ್ರೂ ಕೇಳೋದು ಒಂದೇ, ಯಾವಾಗ ಓಪನ್ ಆಗುತ್ತೆ ಅಂತ. ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಇರೋದು ಟಿಕೆಟ್ ಎಷ್ಟು ಇಡ್ತಾರೆ ಅನ್ನೋದ್ರ ಬಗ್ಗೆ, ಮತ್ತೆ ಅದು ಓಪನ್ ಆದ ಮಾರನೇ ದಿನದಿಂದ ಈಗಿರೋ ಬಸ್ಸುಗಳನ್ನ ಏನು ಮಾಡ್ತಾರೆ ಅನ್ನೋದ್ರ ಬಗ್ಗೆ. ಇವತ್ತು ಮಾತಾಡೋದು ಇವೆರಡರ ಬಗ್ಗೆಯೇ.

ನಾನು ಹೇಳೋಕೆ ಬಂದಿರೋದನ್ನ ಮೊದಲೇ ಹೇಳಿಬಿಡ್ತೀನಿ. ಏರ್‌ಪೋರ್ಟ್ ರೈಲಿನ ಟಿಕೆಟ್ ದುಬಾರಿನೋ ಸೋವಿನೋ ಅಂತ ಬರೀ ಅದರ ರೇಟ್ ನೋಡಿ ಹೇಳೋಕಾಗಲ್ಲ. ಅದರ ಪಕ್ಕದಲ್ಲಿ ಮಾಮೂಲಿ ದರದ ಬಸ್ಸೋ ಲೋಕಲ್ ರೈಲೋ ಇದೆಯಾ, ಅದನ್ನ ಬದುಕೋಕೆ ಬಿಟ್ಟಿದ್ದಾರಾ ಅಂತ ನೋಡಬೇಕು. ಇನ್ನೊಂದು, ಆ ಟಿಕೆಟ್ಟಿನ ಬಿಸಿ ತಟ್ಟೋದು ವರ್ಷಕ್ಕೆ ಒಂದೆರಡು ಸಲ ಫ್ಲೈಟ್ ಹತ್ತೋ ನಮ್ಮಂಥವರಿಗಲ್ಲ, ದಿನಾ ಅಲ್ಲಿಗೆ ಕೆಲಸಕ್ಕೆ ಹೋಗೋರಿಗೆ. ಲೋಡರ್‌ಗಳು, ಹೌಸ್‌ಕೀಪಿಂಗ್‌ನೋರು, ಸೆಕ್ಯೂರಿಟಿಯವರು, ಕಾಫಿ ಅಂಗಡಿಯಲ್ಲಿ ನಿಲ್ಲೋ ಹುಡುಗ ಹುಡುಗಿಯರು, ಕಾರ್ಗೋ ಸೈಡಿನೋರು, ಇವರೆಲ್ಲರಿಗೂ ಏರ್‌ಪೋರ್ಟ್ ಅಂದ್ರೆ ಡ್ಯೂಟಿ ಜಾಗ, ಒಂದು ಫ್ಯಾಕ್ಟರಿ ಇದ್ದ ಹಾಗೆ.

ಹತ್ತಿರದ ಊರಿಂದ ಶುರು ಮಾಡ್ತೀನಿ, ಚೆನ್ನೈ. ಅಲ್ಲಿ ಏರ್‌ಪೋರ್ಟ್ ಎದುರಿಗೇ ತಿರುಸೂಲಂ ಅಂತ ಸಬರ್ಬನ್ ಸ್ಟೇಷನ್ ಇದೆ. ಟರ್ಮಿನಲ್‌ನಿಂದ ಆಚೆ ಬಂದು ಜಿಎಸ್‌ಟಿ ರೋಡ್ ಅನ್ನೋ ಹೈವೇ ದಾಟಿದ್ರೆ ಪ್ಲಾಟ್‌ಫಾರ್ಮ್. ತಾಂಬರಂ, ಚೆಂಗಲ್‌ಪಟ್ಟು ಕಡೆಗೋ ಎಗ್ಮೋರ್, ಬೀಚ್ ಕಡೆಗೋ ಲೋಕಲ್ ಬರ್ತಾನೇ ಇರುತ್ತೆ, ಎಗ್ಮೋರ್‌ಗೆ ಟಿಕೆಟ್ 5-10 ರೂಪಾಯಿ ಅಷ್ಟೇ. 2016ರ ಸೆಪ್ಟೆಂಬರ್‌ನಲ್ಲಿ ಏರ್‌ಪೋರ್ಟ್‌ಗೆ ಮೆಟ್ರೋನೂ ಬಂತು, ಅದರಲ್ಲಿ ಸೆಂಟ್ರಲ್‌ಗೆ 40-50 ರೂಪಾಯಿ. ಎಸಿ ಇದೆ, ಎಸ್ಕಲೇಟರ್ ಇದೆ, ಸೂಟ್‌ಕೇಸ್ ತಳ್ಕೊಂಡು ಆರಾಮಾಗಿ ಹೋಗಬಹುದು. ಸಬರ್ಬನ್‌ನಲ್ಲಿ ಆಫೀಸ್ ಟೈಮ್ ಆದ್ರೆ ಕಾಲಿಡೋಕೂ ಜಾಗ ಸಿಗಲ್ಲ, ಮೆಟ್ಟಿಲು ಹತ್ತಿಳಿಬೇಕು. ಆದ್ರೆ ಎರಡೂ ಇದೆ ನೋಡಿ. ಮೆಟ್ರೋ ಬಂತು ಅಂತ ತಿರುಸೂಲಂ ಮುಚ್ಚಲಿಲ್ಲ. ಹತ್ತು ರೂಪಾಯಿಯವನು ಹತ್ತು ರೂಪಾಯಿಗೆ ಹೋಗ್ತಾನೆ, ಐವತ್ತು ಕೊಡೋನು ಐವತ್ತು ಕೊಟ್ಟು ಹೋಗ್ತಾನೆ. ಆ ಚೆನ್ನೈ ಮೆಟ್ರೋ ಕೂಡ 2021ರ ಫೆಬ್ರವರಿಯಲ್ಲಿ ಗರಿಷ್ಠ ದರವನ್ನ 70ರಿಂದ 50ಕ್ಕೆ ಇಳಿಸಿತು. ಪಕ್ಕದಲ್ಲಿ ಅಷ್ಟು ಸೋವಿ ಸಬರ್ಬನ್ ಓಡ್ತಾ ಇರೋವಾಗ 70 ಕೇಳೋದು ಕಷ್ಟಾನೇ ಇತ್ತು ಅಂತ ನನ್ನ ಅಭಿಪ್ರಾಯ.

ಲಂಡನ್ನಿನ ಹೀಥ್ರೂನಲ್ಲೂ ಇದೇ ತರಹ, ಅಲ್ಲಿ ಮೂರು ರೈಲು. 1998ರಿಂದ ಹೀಥ್ರೂ ಎಕ್ಸ್‌ಪ್ರೆಸ್ ಅಂತ ಒಂದು ಓಡ್ತಿದೆ, ಊರೊಳಗಿನ ಪ್ಯಾಡಿಂಗ್ಟನ್ ಸ್ಟೇಷನ್‌ಗೆ 15 ನಿಮಿಷ, ಆ ಹೊತ್ತಿಗೆ ಹೋಗಿ ಟಿಕೆಟ್ ತಗೊಂಡ್ರೆ 25 ಪೌಂಡ್ ಅನ್ನೋದು ಬಹಳ ಕಾಲ ಅದರ ರೇಟಾಗಿತ್ತು. 2022ರಲ್ಲಿ ಶುರುವಾದ ಎಲಿಜಬೆತ್ ಲೈನ್‌ನಲ್ಲಿ ಸುಮಾರು ಅದರ ಅರ್ಧ. ಇನ್ನು 1977ರಿಂದ ಹೀಥ್ರೂ ಮುಟ್ಟಿರೋ ಪಿಕಡಿಲಿ ಲೈನ್, ಮಾಮೂಲಿ ಟ್ಯೂಬ್, ಆರು ಪೌಂಡಿನ ಒಳಗೆ ಬಂದಿದ್ದ ದರ. ಟೈಮ್ ಒಂದು ಗಂಟೆ ಹತ್ತಿರ ಹಿಡಿಯುತ್ತೆ, ದಾರೀಲಿ ಎಲ್ಲಾ ಸ್ಟೇಷನ್‌ನಲ್ಲೂ ನಿಲ್ಲುತ್ತೆ, ಆದ್ರೆ ಲಂಡನ್ನಿಗೆ ಓದೋಕೆ ಹೋಗೋ ನಮ್ಮ ಹುಡುಗರು ಕೈಯಲ್ಲಿ ಎರಡು ದೊಡ್ಡ ಬ್ಯಾಗ್ ಹಿಡ್ಕೊಂಡು ಅದರಲ್ಲೇ ಹೋಗೋದು. ಹಾಂಗ್‌ಕಾಂಗ್‌ನಲ್ಲೂ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ದುಬಾರಿ, ಆದ್ರೆ ಎಸ್1 ಅನ್ನೋ ಸಣ್ಣ ದರದ ಬಸ್ ಹತ್ತಿ ತುಂಗ್ ಚುಂಗ್‌ನಲ್ಲಿ ಇಳಿದು ಮಾಮೂಲಿ ಮೆಟ್ರೋ ಹಿಡಿದ್ರೆ ಖರ್ಚು ಬಹಳ ಕಮ್ಮಿ ಆಗುತ್ತೆ, ಅಲ್ಲಿನ ಜನಕ್ಕೆಲ್ಲ ಅದು ಗೊತ್ತು. ಇಂಥ ಊರುಗಳಲ್ಲಿ ಯಾರಾದ್ರೂ 25 ಪೌಂಡ್ ಕೊಡ್ತೀನಿ ಅಂದ್ರೆ ಕೊಡಲಿ, ನನ್ನ ತಕರಾರಿಲ್ಲ.

ತಕರಾರು ಶುರುವಾಗೋದು ಸಿಡ್ನಿಯಂಥ ಕಡೆ. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನಾಳೆ ನಮ್ಮಲ್ಲೂ ಯಾರಾದ್ರೂ ಇದೇ ಐಡಿಯಾ ತಗೊಂಡು ಬರಬಹುದು.

ಸಿಡ್ನಿಯಲ್ಲಿ 2000ನೇ ಇಸವಿಯ ಒಲಿಂಪಿಕ್ಸ್‌ಗೆ ಮುಂಚೆ, ಮೇ ತಿಂಗಳಲ್ಲಿ, ಏರ್‌ಪೋರ್ಟ್ ಲೈನ್ ಓಪನ್ ಆಯ್ತು. ಸುರಂಗ, ಹಳಿ ಎಲ್ಲಾ ಸರ್ಕಾರದ ದುಡ್ಡು. ನಾಲ್ಕು ಸ್ಟೇಷನ್ ಮಾತ್ರ ಖಾಸಗಿ ಕಂಪನಿ ಕಟ್ಟಿ ನಡೆಸೋದು ಅಂತ ಒಪ್ಪಂದ: ಗ್ರೀನ್ ಸ್ಕ್ವೇರ್, ಮ್ಯಾಸ್ಕಾಟ್, ಡೊಮೆಸ್ಟಿಕ್, ಇಂಟರ್‌ನ್ಯಾಷನಲ್. ಆ ಸ್ಟೇಷನ್‌ಗಳಲ್ಲಿ ಹತ್ತೋಕೆ ಇಳಿಯೋಕೆ ರೈಲು ಟಿಕೆಟ್ ಮೇಲೆ ಇನ್ನೊಂದು ಪ್ರವೇಶ ಶುಲ್ಕ. ಅಂದ್ಕೊಂಡಷ್ಟು ಜನ ಬರಲಿಲ್ಲ, ಓಪನ್ ಆದ ಆರೇ ತಿಂಗಳಿಗೆ ಕಂಪನಿ ದಿವಾಳಿ ಎದ್ದು ಸಾಲ ಕೊಟ್ಟವರ ಕೈಗೆ ಹೋಯ್ತು. ಆದ್ರೂ ಶುಲ್ಕ ಹೋಗಲಿಲ್ಲ. ಗ್ರೀನ್ ಸ್ಕ್ವೇರ್, ಮ್ಯಾಸ್ಕಾಟ್ ಅಂದ್ರೆ ಮಾಮೂಲಿ ಜನ ವಾಸ ಮಾಡೋ ಏರಿಯಾ, ಏರ್‌ಪೋರ್ಟ್‌ಗೂ ಅವರಿಗೂ ಸಂಬಂಧ ಇಲ್ಲ, ಆದ್ರೂ ಹತ್ತು ವರ್ಷ ಆ ಶುಲ್ಕ ಕಟ್ಟಿದ್ರು. 2011ರ ಮಾರ್ಚ್‌ನಲ್ಲಿ ಸರ್ಕಾರವೇ ಕಂಪನಿಗೆ ದುಡ್ಡು ತುಂಬಿಕೊಡೋ ಹಾಗೆ ಮಾಡಿ ಆ ಎರಡು ಸ್ಟೇಷನ್‌ಗಳ ಶುಲ್ಕ ತೆಗೆಸ್ತು. ಶುಲ್ಕ ಹೋದ ಮೇಲೆ ಅಲ್ಲಿ ಹತ್ತಿಳಿಯೋರ ಸಂಖ್ಯೆ ಜೋರಾಗಿ ಏರಿತು.

ಏರ್‌ಪೋರ್ಟಿನ ಎರಡು ಸ್ಟೇಷನ್‌ಗಳಲ್ಲಿ ಮಾತ್ರ ಇವತ್ತಿಗೂ ಇದೆ. ಶುಲ್ಕವೇ 17 ಆಸ್ಟ್ರೇಲಿಯನ್ ಡಾಲರ್‌ಗಿಂತ ಜಾಸ್ತಿ, ಅದರ ಮೇಲೆ ರೈಲಿನ ಟಿಕೆಟ್ ಬೇರೆ. ರೈಲಿನ ಟಿಕೆಟ್ಟೇ ನಾಲ್ಕೈದು ಡಾಲರ್ ಇರೋದು, ಗೇಟ್ ದಾಟೋಕೆ ಅದರ ಮೂರು ಪಟ್ಟು ಜಾಸ್ತಿ. ಒಂದು ಸ್ಟೇಷನ್ ಆಚೆ ಮ್ಯಾಸ್ಕಾಟ್‌ನಲ್ಲಿ ಅದೇ ರೈಲು, ಅದೇ ಹಳಿ, ಅಲ್ಲಿ ಇಳಿದ್ರೆ ಆ 17 ಡಾಲರ್ ಇಲ್ಲ. ಹಾಗಾಗಿ ಏನಾಗುತ್ತೆ? ನನ್ನ ಕಸಿನ್ ಒಬ್ಬ ಅಲ್ಲಿದ್ದಾನೆ, ನಾನು ಹೋದಾಗ ಅವನು ಕಳಿಸಿದ ಮೆಸೇಜ್‌ನಲ್ಲಿ ಇದ್ದಿದ್ದೇ ಇದು, ಅಣ್ಣಾ ರೈಲ್ವೆ ಸ್ಟೇಷನ್ ಬೋರ್ಡ್ ಕಡೆ ಹೋಗಬೇಡ, ಟರ್ಮಿನಲ್ ಮುಂದೆ 420 ನಂಬರ್ ಬಸ್ ಬರುತ್ತೆ, ಅದು ಹತ್ತಿ ಮ್ಯಾಸ್ಕಾಟ್‌ನಲ್ಲಿ ಇಳಿ, ಅಲ್ಲಿಂದ ರೈಲು ಹಿಡಿ. ಬಸ್ಸಲ್ಲಿ ನೋಡ್ತೀನಿ, ಅರ್ಧ ಬಸ್ ಏರ್‌ಪೋರ್ಟ್ ಯೂನಿಫಾರ್ಮ್. ಕುತ್ತಿಗೆಗೆ ಐಡಿ ಕಾರ್ಡ್, ಮೈಮೇಲೆ ಹಸಿರು-ಹಳದಿ ಜಾಕೆಟ್, ಕೆಲವರು ನಿಂತ್ಕೊಂಡೇ ನಿದ್ದೆ ಮಾಡ್ತಿದ್ರು. ನೆಲದಡಿಯಲ್ಲಿ ಸರ್ಕಾರದ ದುಡ್ಡಲ್ಲಿ ಕಟ್ಟಿದ ರೈಲು ಓಡ್ತಿದೆ, ಹತ್ತಿಪ್ಪತ್ತು ನಿಮಿಷದಲ್ಲಿ ಊರೊಳಗೆ ಬಿಡುತ್ತೆ, ಆದ್ರೆ ಅದೇ ಏರ್‌ಪೋರ್ಟಲ್ಲಿ ದುಡಿಯೋರು ಮೇಲೆ ಟ್ರಾಫಿಕ್ಕಲ್ಲಿ ಬಸ್ಸಲ್ಲಿ ಹೋಗ್ತಿದ್ದಾರೆ. ವಾರಕ್ಕೆ ಇಷ್ಟಕ್ಕಿಂತ ಜಾಸ್ತಿ ಶುಲ್ಕ ಹಿಡಿಯಲ್ಲ ಅಂತ ಒಂದು ಮಿತಿ ಇಟ್ಟಿದ್ದಾರೆ ನಿಜ, ಆದ್ರೂ ಆ ಬಸ್ ನೋಡಿದ್ರೆ ಅದು ಸಾಲಲ್ಲ ಅನ್ನೋದು ಗೊತ್ತಾಗುತ್ತೆ.

ಇಲ್ಲಿ ಒಬ್ಬರು ಕೇಳಿದ್ರು, ಸರ್ಕಾರ ಯಾಕೆ ಆ ಶುಲ್ಕ ತೆಗೆಯಲ್ಲ ಅಂತ. ಒಪ್ಪಂದ 2030ರ ತನಕ ಇದೆ ಸರ್. ಇನ್ನೊಂದು ಕಾರಣ, ವರ್ಷಗಳು ಕಳೆದ ಹಾಗೆ ಆ ಶುಲ್ಕದ ದೊಡ್ಡ ಪಾಲು ಒಪ್ಪಂದದ ಪ್ರಕಾರ ಸರ್ಕಾರದ ಖಜಾನೆಗೇ ಬರೋಕೆ ಶುರುವಾಯ್ತು. 2014ರಲ್ಲಿ ಅಲ್ಲಿನ ಮೇಲ್ಮನೆ ಸಮಿತಿ ಇದೇ ವಿಷಯ ಇಟ್ಕೊಂಡು ವಿಚಾರಣೆ ಮಾಡಿತ್ತು, ಶುಲ್ಕ ಮಾತ್ರ ಹಾಗೇ ಉಳೀತು. ಒಂದು ಸಲ ದುಡ್ಡು ಬರೋ ದಾರಿ ಆಗಿಬಿಟ್ರೆ ಯಾವ ಪಕ್ಷದ ಸರ್ಕಾರ ಇದ್ರೂ ಅದನ್ನ ಬಿಡೋಕೆ ಮನಸ್ಸು ಬರಲ್ಲ. ಅದಕ್ಕೇ ನಾನು ಹೇಳೋದು, ದರದ ಮಾತು ಓಪನ್ ಆಗೋಕೆ ಮುಂಚೆ ಆಡಬೇಕು ಅಂತ.

ಅದೇ ದೇಶದ ಬ್ರಿಸ್ಬೇನ್‌ನಲ್ಲಿ 2001ರಿಂದ ಏರ್‌ಟ್ರೇನ್ ಅಂತ ಖಾಸಗಿ ಲೈನ್ ಓಡ್ತಿದೆ, ಒಪ್ಪಂದ 2036ರ ತನಕ. ಅದರೊಳಗಿದ್ದ ಷರತ್ತಿನಿಂದಾಗಿ ಊರೊಳಗಿಂದ ಟರ್ಮಿನಲ್‌ಗೆ ನೇರವಾಗಿ ಮಾಮೂಲಿ ಸರ್ಕಾರಿ ಬಸ್ ಬಿಡೋಕೇ ತೊಡಕಾಯ್ತು, ಯಾಕಂದ್ರೆ ರೈಲಿಗೆ ಪೈಪೋಟಿ ಆಗುತ್ತಲ್ಲ. 2024ರ ಆಗಸ್ಟ್‌ನಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಬಸ್, ರೈಲು, ಫೆರ್ರಿ ಎಲ್ಲಾದಕ್ಕೂ ಬರೀ 50 ಸೆಂಟ್ಸ್ ದರ ಮಾಡ್ತು, ಎಷ್ಟೇ ದೂರ ಹೋಗಿ 50 ಸೆಂಟ್ಸ್. ಏರ್‌ಪೋರ್ಟ್ ರೈಲು ಮಾತ್ರ ಆ ದರದಿಂದ ಹೊರಗೆ ಉಳೀತು. ಇಡೀ ಊರಿಗೆ ಸಿಕ್ಕಿದ ಅನುಕೂಲ ಏರ್‌ಪೋರ್ಟ್ ಗೇಟ್ ಹತ್ತಿರ ಬಂದು ನಿಂತುಹೋಯ್ತು. ಇಪ್ಪತ್ತು ವರ್ಷದ ಹಿಂದೆ ಯಾರೋ ಸಹಿ ಹಾಕಿದ ಒಂದು ಕಾಗದ ಇವತ್ತಿನ ಜನರ ಜೇಬಿಗೆ ಕೈ ಹಾಕ್ತಾ ಇದೆ ಅನ್ನೋದನ್ನ ನೋಡಿ ನನಗೆ ನಿಜವಾಗ್ಲೂ ಬೇಜಾರಾಗುತ್ತೆ.

ಕೆನಡಾದ ಟೊರೊಂಟೊ ಬೇಗ ಹೇಳಿ ಮುಗಿಸ್ತೀನಿ. 2015ರ ಜೂನ್‌ನಲ್ಲಿ ಯೂನಿಯನ್ ಸ್ಟೇಷನ್‌ನಿಂದ ಪಿಯರ್ಸನ್ ಏರ್‌ಪೋರ್ಟ್‌ಗೆ ಯುಪಿ ಎಕ್ಸ್‌ಪ್ರೆಸ್ ಬಿಟ್ರು, 25 ನಿಮಿಷದ ದಾರಿ, ಟಿಕೆಟ್ 27 ಡಾಲರ್ 50 ಸೆಂಟ್ಸ್, ಪ್ರೆಸ್ಟೋ ಅನ್ನೋ ಅಲ್ಲಿನ ಸ್ಮಾರ್ಟ್ ಕಾರ್ಡ್ ಇದ್ರೆ 19. ಬಿಸಿನೆಸ್ ಮೇಲೆ ಓಡಾಡೋರು ಬರ್ತಾರೆ ಅನ್ನೋ ಲೆಕ್ಕ ಇತ್ತು, ರೈಲುಗಳು ಖಾಲಿ ಓಡಿದ್ವು. 2016ರ ಫೆಬ್ರವರಿಯಲ್ಲಿ ಒಂದು ರಜೆಯ ವೀಕೆಂಡ್ ಫ್ರೀ ಬಿಟ್ರೆ ಹತ್ತೋಕೆ ಉದ್ದುದ್ದ ಕ್ಯೂ! ಮುಂದಿನ ತಿಂಗಳೇ ಟಿಕೆಟ್ ಅರ್ಧಕ್ಕಿಂತ ಕೆಳಗೆ, ಕಾರ್ಡ್ ಇದ್ರೆ 9 ಡಾಲರ್ ಆಜುಬಾಜಿಗೆ ಇಳಿಸಿದ್ರು, ಕೆಲವೇ ತಿಂಗಳಲ್ಲಿ ಜನ ಎರಡು ಪಟ್ಟಿಗಿಂತ ಜಾಸ್ತಿ ಆದ್ರು. ನನಗೆ ಅದರಲ್ಲಿ ಮುಖ್ಯ ಅನ್ನಿಸೋದು ಮಧ್ಯದ ಎರಡು ಸ್ಟೇಷನ್, ಬ್ಲೂರ್ ಮತ್ತು ವೆಸ್ಟನ್. ಅಲ್ಲಿನ ಜನ ತಮ್ಮ ಮನೆ ಪಕ್ಕದಲ್ಲೇ ರೈಲು ಹೋಗ್ತಿದ್ರೂ ದರ ನೋಡಿ ಹತ್ತದೆ ಇದ್ದೋರು, ದರ ಇಳಿದ ಮೇಲೆ ಅದು ಅವರ ಆಫೀಸಿಗೆ ಹೋಗೋ ರೈಲಾಯ್ತು. ನಮ್ಮ ಬ್ಲೂ ಲೈನ್‌ಗೆ ಯಲಹಂಕ, ಜಕ್ಕೂರು, ಬಾಗಲೂರು ಕ್ರಾಸ್ ಇದ್ದ ಹಾಗೆ ಅವು.

ಈಗ ದೆಹಲಿಗೆ ಬರೋಣ. ನಮ್ಮ ದೇಶದಲ್ಲಿ ಈ ವಿಷಯದಲ್ಲಿ ಕಲಿಯೋಕೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ.

2011ರ ಫೆಬ್ರವರಿ 23ಕ್ಕೆ ದೆಹಲಿ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಶುರು. ನ್ಯೂ ಡೆಲ್ಲಿ ಸ್ಟೇಷನ್‌ನಿಂದ ಟರ್ಮಿನಲ್ 3 ದಾಟಿ ದ್ವಾರಕಾ ಸೆಕ್ಟರ್ 21ರ ತನಕ, 22.7 ಕಿಲೋಮೀಟರ್, ಆರು ಸ್ಟೇಷನ್. ನ್ಯೂ ಡೆಲ್ಲಿ ಸ್ಟೇಷನ್‌ನಲ್ಲೇ ಬ್ಯಾಗ್ ಕೊಟ್ಟು ಚೆಕ್-ಇನ್ ಮಾಡೋ ವ್ಯವಸ್ಥೆ, ನುಣ್ಣನೆ ಸೀಟು, ಎಲ್ಲಾ ಚೆನ್ನಾಗಿತ್ತು. ಸುರಂಗ, ಕಂಬ ಎಲ್ಲಾ ದೆಹಲಿ ಮೆಟ್ರೋ ಕಟ್ಟಿದ್ದು, ಓಡಿಸೋದು ರಿಲಯನ್ಸ್ ಇನ್‌ಫ್ರಾ ಕಡೆಯ ಕಂಪನಿ. 2012ರ ಜುಲೈನಲ್ಲಿ ಕಂಬದ ಮೇಲಿನ ಬೇರಿಂಗ್‌ಗಳಲ್ಲಿ ದೋಷ ಕಂಡು ಲೈನ್ ನಿಲ್ಲಿಸಿದ್ರು, 2013ರ ಜನವರಿಯಲ್ಲಿ ಮತ್ತೆ ಶುರುವಾಯ್ತು, ಜುಲೈ 1ಕ್ಕೆ ಕಂಪನಿ ಕೈಬಿಟ್ಟು ಹೋಯ್ತು, ದೆಹಲಿ ಮೆಟ್ರೋನೇ ಓಡಿಸೋಕೆ ತಗೊಳ್ತು. ದುಡ್ಡಿನ ಜಗಳ ಮಧ್ಯಸ್ಥಿಕೆ, ಹೈಕೋರ್ಟು, ಸುಪ್ರೀಂ ಕೋರ್ಟು ಅಂತ ಸುತ್ತಿ 2024ರ ಏಪ್ರಿಲ್‌ನಲ್ಲಿ ಕ್ಯುರೇಟಿವ್ ಅರ್ಜಿಯಲ್ಲಿ, ಅಂದ್ರೆ ಸುಪ್ರೀಂ ಕೋರ್ಟಿನ ಕೊನೇ ಅವಕಾಶದ ಅರ್ಜಿಯಲ್ಲಿ, ದೆಹಲಿ ಮೆಟ್ರೋ ಪರ ಮುಗೀತು. ಅದನ್ನ ಬಿಡೋಣ.

ನಮಗೆ ಬೇಕಾಗಿರೋದು ದರ. ಖಾಸಗಿ ಕಾಲದಲ್ಲಿ ಟಿಕೆಟ್ 150 ರೂಪಾಯಿ ಮಟ್ಟಕ್ಕೆ ಹೋಗಿತ್ತು, ಆ ಕಾಲದ 150 ಅಂದ್ರೆ ಸಣ್ಣ ದುಡ್ಡಲ್ಲ, ಮಾಮೂಲಿ ಮೆಟ್ರೋದಲ್ಲಿ ಊರಿನ ಈ ತುದಿಯಿಂದ ಆ ತುದಿಗೆ ಆಗ 30 ರೂಪಾಯಿ. ಅಂದಾಜು ಮಾಡಿದ್ದಕ್ಕಿಂತ ಜನ ಬಹಳ ಕಮ್ಮಿ. ದೆಹಲಿ ಮೆಟ್ರೋ ಕೈಗೆ ಬಂದ ಮೇಲೆ 2014ರಲ್ಲಿ ಒಂದು ಸಲ ಇಳಿಸಿದ್ರು, 2015ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸಲ ಇಳಿಸಿ ಗರಿಷ್ಠ 60 ಮಾಡಿದ್ರು. ಆಗ ರೈಲಿನ ಸ್ವರೂಪವೇ ಬದಲಾಯ್ತು. ಟ್ರಾಲಿ ಬ್ಯಾಗಿನವರ ಜೊತೆಗೆ ದ್ವಾರಕಾದ ಆಫೀಸಿನವರು, ಗುರುಗ್ರಾಮಕ್ಕೆ ಹೋಗೋಕೆ ಧೌಲಾ ಕುವಾಂನಲ್ಲಿ ಇಳಿಯೋರು, ಏರೋಸಿಟಿ ಹೋಟೆಲುಗಳಲ್ಲಿ ಕೆಲಸ ಮಾಡೋರು, ಬ್ಯಾಕ್‌ಪ್ಯಾಕ್ ಹಾಕ್ಕೊಂಡ ಕಾಲೇಜ್ ಹುಡುಗರು ಎಲ್ಲಾ ಬಂದ್ರು. ಏರ್‌ಪೋರ್ಟಿಗೇ ಅಂತ ಕಟ್ಟಿದ ಲೈನು ಊರಿನ ಲೈನಾಯ್ತು. 2018ರಲ್ಲಿ ಮೆಜೆಂಟಾ ಲೈನ್ ಟರ್ಮಿನಲ್ 1ಕ್ಕೆ ಮಾಮೂಲಿ ದರದಲ್ಲೇ ಬಂತು, 2023ರಲ್ಲಿ ಎಕ್ಸ್‌ಪ್ರೆಸ್ ಲೈನನ್ನ ದ್ವಾರಕಾ ಸೆಕ್ಟರ್ 25ಕ್ಕೆ ಎಳೆದ್ರು. ಖಾಲಿ ಓಡೋ ಲೈನಾಗಿದ್ರೆ ಯಾರು ಅದನ್ನ ಮುಂದಕ್ಕೆ ಎಳೀತಿದ್ರು ಹೇಳಿ.

ಮುಂದೆ ಕೂತಿದ್ದ ಮೇಡಂ ಒಬ್ಬರು ಒಳ್ಳೆ ಪ್ರಶ್ನೆ ಕೇಳಿದ್ರು. ಫ್ಲೈಟಿಗೆ ಐದಾರು ಸಾವಿರ ಕೊಡೋರು ರೈಲಿಗೆ ಇನ್ನೂರು ಕೊಟ್ರೆ ಏನಾಗುತ್ತೆ, ಅವರ ಹತ್ರ ದುಡ್ಡು ತಗೊಂಡು ಸಾಲ ತೀರಿಸಬಹುದಲ್ಲ ಅಂತ. ಈ ಲೆಕ್ಕ ಬಹಳ ಜನ ಹಾಕ್ತಾರೆ, ಅಧಿಕಾರಿಗಳೂ ಹಾಕ್ತಾರೆ. ಎಡಿಬಿ, ಜೈಕಾ ಅಂತ ವಿದೇಶಿ ಸಂಸ್ಥೆಗಳ ಸಾಲ ಇದೆ, ಬಡ್ಡಿ ಕಟ್ಟಬೇಕು, ಅದು ನನಗೂ ಅರ್ಥ ಆಗುತ್ತೆ. ಆದ್ರೆ ಫ್ಲೈಟಿಗೆ ದುಡ್ಡು ಕೊಡೋ ಶಕ್ತಿ ಇರೋರಿಗೆ ಕ್ಯಾಬ್‌ಗೆ ಕೊಡೋ ಶಕ್ತಿನೂ ಇರುತ್ತೆ. ಮನೆಯಿಂದ ನಾಲ್ಕು ಜನ ಹೊರಟ್ರೆ ತಲೆಗೆ ಇನ್ನೂರರ ಹಾಗೆ ಎಂಟುನೂರು, ಕ್ಯಾಬ್ ಹೆಚ್ಚುಕಮ್ಮಿ ಸಾವಿರ, ಮನೆ ಬಾಗಿಲಿಗೇ ಬರುತ್ತೆ. ಅವರು ಕ್ಯಾಬ್ ಹತ್ತುತ್ತಾರೆ. ಜಾಸ್ತಿ ದರ ಇಟ್ಟಾಗ ಮೊದಲು ಬಿಟ್ಟುಹೋಗೋರೇ ಈ ದುಡ್ಡಿರೋರು, ಉಳಿಯೋದು ಬೇರೆ ದಾರಿ ಇಲ್ಲದೋರು. ಹಾಗಾಗಿ ಯಾರ ಹತ್ರ ವಸೂಲಿ ಮಾಡಬೇಕು ಅಂತ ಹೊರಟಿದ್ರೋ ಅವರ ಹತ್ರ ಸಿಗಲ್ಲ, ಇಲ್ಲದೋರ ಹತ್ರ ಕಿತ್ಕೊಂಡ ಹಾಗಾಗುತ್ತೆ.

ಈಗ ನಮ್ಮೂರಿನ ಪರಿಸ್ಥಿತಿ ನೋಡೋಣ. 2008ರ ಮೇನಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಶುರುವಾಯ್ತು, 2024-25ರಲ್ಲಿ ವರ್ಷಕ್ಕೆ 4 ಕೋಟಿ ಪ್ಯಾಸೆಂಜರ್ ದಾಟಿದೆ. ಇಷ್ಟು ವರ್ಷ ಇದನ್ನ ಹೊತ್ತುಕೊಂಡು ಬಂದಿರೋದು ಬಿಎಂಟಿಸಿಯ ವಾಯುವಜ್ರ, ಕೆಐಎ ಅಂತ ನಂಬರ್ ಇರೋ ಎಸಿ ಬಸ್ಸುಗಳು. ಮೆಜೆಸ್ಟಿಕ್‌ಗೆ ಕೆಐಎ-9, ಎಲೆಕ್ಟ್ರಾನಿಕ್ ಸಿಟಿಗೆ ಕೆಐಎ-8, ಹೀಗೆ ಊರಿನ ಎಲ್ಲಾ ದಿಕ್ಕಿಗೂ. ನಡುರಾತ್ರಿ ಎರಡು ಗಂಟೆಗೆ ಇಳಿದ್ರೂ ಬಸ್ ಸಿಗುತ್ತೆ, ಕಂಡಕ್ಟರ್ ಕೆಳಗಿಳಿದು ಬ್ಯಾಗ್ ಒಳಗೆ ಜೋಡಿಸ್ತಾರೆ, ಇದು ಸಣ್ಣ ಮಾತಲ್ಲ. ದೇಶದ ಎಷ್ಟೋ ದೊಡ್ಡ ಊರುಗಳಲ್ಲಿ ಇಂಥ ಬಸ್ ಜಾಲ ಇಲ್ಲ. ಟಿಕೆಟ್ ಏರಿಯಾ ಮೇಲೆ ಹೆಚ್ಚುಕಮ್ಮಿ 200ರಿಂದ 300ರ ಆಜುಬಾಜು, ದೂರದ ಕಡೆಯಿಂದ ಇನ್ನೂ ಜಾಸ್ತಿ. ಒಬ್ಬರೇ ಹೋಗೋರಿಗೆ ಕ್ಯಾಬ್‌ಗಿಂತ ಎಷ್ಟೋ ಉಳಿತಾಯ, ನಾಲ್ಕು ಜನ ಹೊರಟ್ರೆ ಕ್ಯಾಬಿನ ಲೆಕ್ಕಕ್ಕೇ ಬಂದುಬಿಡುತ್ತೆ.

ಇನ್ನು ಇದೇ ಊರಲ್ಲಿ 10-15 ರೂಪಾಯಿಗೆ ಏರ್‌ಪೋರ್ಟ್ ರೈಲು ಬಂದಿದ್ದು ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? 2021ರ ಜನವರಿ 4ರಂದು ಯಲಹಂಕ-ದೇವನಹಳ್ಳಿ-ಚಿಕ್ಕಬಳ್ಳಾಪುರ ಲೈನ್‌ನಲ್ಲಿ ಕೆಐಎ ಹಾಲ್ಟ್ ಸ್ಟೇಷನ್ ಶುರುವಾಯ್ತು. ಸ್ಟೇಷನ್ ಕಟ್ಟಿದ್ದು ಏರ್‌ಪೋರ್ಟ್ ಕಂಪನಿಯವರೇ, ಟರ್ಮಿನಲ್‌ಗೆ ಶಟಲ್ ಬಸ್ಸೂ ಇಟ್ರು. ಕ್ಯಾಬ್‌ಗೆ ಸಾವಿರ ಕೊಡೋ ಊರಲ್ಲಿ ಹದಿನೈದು ರೂಪಾಯಿಗೆ ಡೆಮು ಅನ್ನೋ ಡೀಸೆಲ್ ಲೋಕಲ್ ರೈಲು, ಪೇಪರ್‌ನಲ್ಲಿ ಮುಖಪುಟದ ಸುದ್ದಿ. ಆದ್ರೆ ಸಿಂಗಲ್ ಲೈನು, ದಿನಕ್ಕೆ ಬೆರಳೆಣಿಕೆಯ ರೈಲು, ಒಂದು ತಪ್ಪಿದ್ರೆ ಇನ್ನೊಂದಕ್ಕೆ ಗಂಟೆಗಟ್ಟಲೆ ಕಾಯಬೇಕು, ಫ್ಲೈಟ್ ಇಟ್ಕೊಂಡೋರು ಯಾರು ಆ ರಿಸ್ಕ್ ತಗೋತಾರೆ. ಜನ ಬರಲಿಲ್ಲ ಅಂತ ಕೆಲವು ರೈಲು ನಿಲ್ಲಿಸಿದ್ರು, ರೈಲು ಕಮ್ಮಿ ಆಯ್ತು ಅಂತ ಜನ ಇನ್ನೂ ಕಮ್ಮಿ ಆದ್ರು. ಟೊರೊಂಟೊ, ದೆಹಲಿಯಲ್ಲಿ ದರ ಜಾಸ್ತಿ ಆಗಿ ರೈಲು ಖಾಲಿ ಓಡ್ತು, ನಮ್ಮಲ್ಲಿ ದರ ಇಷ್ಟು ಕಮ್ಮಿ ಇದ್ದೂ ಖಾಲಿ ಓಡ್ತು. ಬರೀ ಸೋವಿ ಟಿಕೆಟ್ಟಿಂದ ಏನೂ ಆಗಲ್ಲ, ಟೈಮಿಗೆ ಸರಿಯಾಗಿ, ಪದೇ ಪದೇ ಬರೋ ರೈಲು ಬೇಕು. ಸಬರ್ಬನ್ ಯೋಜನೆಯಲ್ಲಿ ಮೆಜೆಸ್ಟಿಕ್ಕಿಂದ ಯಲಹಂಕ ಮೇಲೆ ದೇವನಹಳ್ಳಿಗೆ ಸಂಪಿಗೆ ಲೈನ್ ಅಂತ 41 ಕಿಲೋಮೀಟರಿನ ಕಾರಿಡಾರ್ ಇದೆ, ನಮ್ಮೂರಿಗೆ ತಿರುಸೂಲಂ ಅಂತ ಆಗೋದಾದ್ರೆ ಅದೇ ಆಗಬೇಕು. ಮೆಟ್ರೋ ಬರ್ತಿದೆ ಅಂತ ಆ ಯೋಜನೆಯನ್ನ ಮೂಲೆಗೆ ತಳ್ಳೋಕೆ ಬಿಡಬಾರದು.

ಕೆಲಸಕ್ಕೆ ಹೋಗೋರು ಹೇಗೆ ಹೋಗ್ತಾರೆ ಅನ್ನೋದನ್ನ ನೀವು ಏರ್‌ಪೋರ್ಟ್ ಹೈವೇಯ ಸಾದಹಳ್ಳಿ ಗೇಟ್ ಹತ್ತಿರ ಬೆಳಿಗ್ಗೆ ಆರರ ಸುಮಾರಿಗೆ ನಿಂತ್ರೆ ನೋಡಬಹುದು. ಮೆಜೆಸ್ಟಿಕ್ಕಿಂದ ದೇವನಹಳ್ಳಿ ಕಡೆ ಹೋಗೋ ಮಾಮೂಲಿ ಬಸ್ಸಿಂದ ದಬದಬ ಅಂತ ಇಳೀತಾರೆ, ಹೆಂಗಸರೇ ಜಾಸ್ತಿ, ಕೈಯಲ್ಲಿ ಟಿಫಿನ್ ಚೀಲ, ಸ್ವೆಟರ್ ಒಳಗೆ ಯೂನಿಫಾರ್ಮ್. ಅಲ್ಲಿಂದ ಕಂಪನಿ ವ್ಯಾನೋ ಶೇರ್ ಆಟೋನೋ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಮಾಮೂಲಿ ಬಸ್ ಫ್ರೀ, ಆದ್ರೆ ಎಸಿ ಬಸ್‌ಗೆ ಇಲ್ಲ, ವಾಯುವಜ್ರಕ್ಕೂ ಇಲ್ಲ. ಟರ್ಮಿನಲ್ ಬಾಗಿಲ ತನಕ ಹೋಗೋದು ವಾಯುವಜ್ರ. ಹಾಗಾಗಿ ಫ್ರೀ ಬಸ್ಸು ಅವರನ್ನ ಹೈವೇಯಲ್ಲಿ ಇಳಿಸಿ ಮುಂದಕ್ಕೆ ಹೋಗುತ್ತೆ. ಹೌಸ್‌ಕೀಪಿಂಗ್‌ನಲ್ಲಿರೋ ಒಬ್ಬ ಅಕ್ಕ ನನ್ನ ಪಕ್ಕ ಕೂತಿದ್ರು, ಮೆಟ್ರೋ ಬಂದ್ರೆ ಹೋಗ್ತೀರಾ ಅಕ್ಕ ಅಂತ ಕೇಳ್ದೆ. "ಎಷ್ಟ್ ಇಡ್ತಾರಪ್ಪಾ ಟಿಕೆಟ್ಟು, ಅದ್ ಮೊದ್ಲು ಹೇಳು" ಅಂದ್ರು.

ಅವರ ಪ್ರಶ್ನೆಗೆ ಲೆಕ್ಕ ಹಾಕೋಣ. 2025ರ ಫೆಬ್ರವರಿ 9ರಂದು ನಮ್ಮ ಮೆಟ್ರೋ ದರ ಏರಿಸಿದ್ದು ಗೊತ್ತಲ್ಲ, ಗರಿಷ್ಠ 60 ಇದ್ದದ್ದು 90 ಆಯ್ತು, ದೊಡ್ಡ ಗಲಾಟೆ ಆಯ್ತು, ಆಮೇಲೆ ಕೆಲವು ಕಡೆ ಸ್ವಲ್ಪ ಇಳಿಸಿದ್ರು, ಗರಿಷ್ಠ ಮಾತ್ರ 90ಕ್ಕೇ ನಿಂತಿತು. ಆ ಪಟ್ಟಿಯನ್ನೇ ಏರ್‌ಪೋರ್ಟ್ ಲೈನ್‌ಗೂ ಹಚ್ಚಿದ್ರೆ ಕೆ.ಆರ್. ಪುರದಿಂದ ಏರ್‌ಪೋರ್ಟ್‌ಗೆ 90. ಹೋಗಿ ಬರೋಕೆ 180, ತಿಂಗಳಿಗೆ 26 ಡ್ಯೂಟಿ ಅಂದ್ರೆ 4,680 ರೂಪಾಯಿ. ಇದು ಯಾವ ಎಕ್ಸ್‌ಟ್ರಾ ಶುಲ್ಕನೂ ಇಲ್ಲದೆ. ಏರ್‌ಪೋರ್ಟ್ ಲೈನ್ ಸ್ಪೆಷಲ್ ಅಂತ ಅದರ ಒಂದೂವರೆ ಪಟ್ಟು ಮಾಡಿದ್ರೆ 7,020. ಸ್ಮಾರ್ಟ್ ಕಾರ್ಡ್‌ಗೆ ಸಿಗೋ ಶೇಕಡಾ ಐದರ ರಿಯಾಯಿತಿ ಇದರಲ್ಲಿ ಎಷ್ಟು ತಾನೇ ಉಳಿಸುತ್ತೆ. ನಮ್ಮ ಮೆಟ್ರೋದಲ್ಲಿ ಟೂರಿಸ್ಟ್‌ಗಳಿಗೆ ಒಂದು ದಿನದ, ಮೂರು ದಿನದ ಪಾಸ್ ಇದೆ, ದಿನಾ ದುಡಿಯೋಕೆ ಹೋಗೋರಿಗೆ ಬಿಎಂಟಿಸಿಯಲ್ಲಿರೋ ತರಹ ತಿಂಗಳ ಪಾಸ್ ಇಲ್ಲ. ಫ್ಲೈಟ್ ಹತ್ತೋ ನನಗೆ 90 ರೂಪಾಯಿ ಬಹಳ ಸೋವಿ, ಆ ಅಕ್ಕನಿಗೆ ಅದೇ 90 ಸಂಬಳದ ದೊಡ್ಡ ತುಂಡು.

ಇನ್ನೊಂದು ಬ್ಯಾಗಿನ ವಿಷಯ. ದೊಡ್ಡ ಬ್ಯಾಗಿಗೆ 30 ರೂಪಾಯಿ ಬೇರೆ ಟಿಕೆಟ್ ತಗೋಬೇಕು ಅನ್ನೋ ನಿಯಮ ನಮ್ಮ ಮೆಟ್ರೋದಲ್ಲಿದೆ, ಸುದ್ದಿನೂ ಆಗಿತ್ತು. ಏರ್‌ಪೋರ್ಟ್ ಲೈನ್‌ನಲ್ಲಿ ಎಲ್ಲರ ಕೈಯಲ್ಲೂ ದೊಡ್ಡ ಬ್ಯಾಗೇ ಇರೋದು. ಅದನ್ನ ಹಾಗೇ ಬಿಟ್ರೆ ಅದೇ ಒಂದು ಗುಟ್ಟಿನ ಏರ್‌ಪೋರ್ಟ್ ಶುಲ್ಕ ಆಗುತ್ತೆ, ಗೇಟ್ ಹತ್ರ ದಿನಾ ಜಗಳ ಬೇರೆ.

ಯಾರು ತೀರ್ಮಾನ ಮಾಡ್ತಾರೆ ಅಂತ ಹಿಂದಿನ ಸಾಲಿನಿಂದ ಕೇಳಿದ್ರು. 2002ರ ಮೆಟ್ರೋ ರೈಲ್ವೆ ಕಾಯ್ದೆ ಪ್ರಕಾರ ಮೊದಲ ಸಲ ಮೆಟ್ರೋ ಶುರುವಾಗೋವಾಗ ದರವನ್ನ ಮೆಟ್ರೋ ಆಡಳಿತವೇ ಇಡಬಹುದು. ಆಮೇಲೆ ಬದಲಾಯಿಸಬೇಕು ಅಂದ್ರೆ ಹೈಕೋರ್ಟ್ ಜಡ್ಜ್ ಅಥವಾ ನಿವೃತ್ತ ಜಡ್ಜ್ ಅಧ್ಯಕ್ಷತೆಯ ದರ ನಿಗದಿ ಸಮಿತಿ ಕೂರಬೇಕು, ಆ ಸಮಿತಿ ಹೇಳಿದ್ದನ್ನ ಮೆಟ್ರೋ ಪಾಲಿಸಲೇಬೇಕು. ಹೋದ ಸಲದ ಸಮಿತಿ 2024ರ ಅಕ್ಟೋಬರ್‌ನಲ್ಲಿ ಸಾರ್ವಜನಿಕರ ಸಲಹೆ ಕೇಳಿತ್ತು. ಪೇಪರ್‌ನಲ್ಲಿ ಸಣ್ಣ ಜಾಹೀರಾತು, ಕೆಲವು ದಿನಗಳ ಟೈಮು, ಬಹಳ ಜನಕ್ಕೆ ದರ ಏರಿದ ಮೇಲೇ ಅಂಥದ್ದೊಂದು ಸಮಿತಿ ಇತ್ತು ಅಂತ ಗೊತ್ತಾಗಿದ್ದು. ಅದಕ್ಕೆ ಜಾಹೀರಾತಿಗೆ ಕಾಯ್ಕೊಂಡು ಕೂರೋದು ಬೇಡ. ಮೆಟ್ರೋದವರಿಗೂ ನಿಮ್ಮ ಎಂಎಲ್‌ಎಗೂ ಈಗಿಂದಲೇ ಬರೀರಿ. ಏರ್‌ಪೋರ್ಟ್ ಸ್ಟೇಷನ್‌ಗೆ ಅಂತ ಬೇರೆ ಶುಲ್ಕ ಬೇಡ, ಊರಿನ ದರಪಟ್ಟಿನೇ ಅಲ್ಲಿಗೂ ಇರಲಿ, ದಿನಾ ಹೋಗೋರಿಗೆ ತಿಂಗಳ ಪಾಸ್ ಮಾಡಿ, ಬ್ಯಾಗಿನ ಮೂವತ್ತು ರೂಪಾಯಿ ಈ ಲೈನ್‌ನಲ್ಲಿ ತೆಗೀರಿ ಅಂತ. ಏರ್‌ಪೋರ್ಟ್ ಯೂನಿಯನ್‌ನವರು, ಹೋಟೆಲ್ ಕೆಲಸದವರು ಸಹಿ ಹಾಕಿದ ಪತ್ರಕ್ಕೆ ನನ್ನಂಥವನ ಪತ್ರಕ್ಕಿಂತ ಜಾಸ್ತಿ ತೂಕ ಇರುತ್ತೆ, ಅವರನ್ನ ಸೇರಿಸ್ಕೊಳ್ಳಿ.

ಕೊನೇ ಪ್ರಶ್ನೆ ರಾಜಾಜಿನಗರದ ಒಬ್ಬ ಹಿರಿಯರದ್ದು. ಮೆಟ್ರೋ ಬಂದ ಮೇಲೂ ಕೆಐಎ ಬಸ್ ಬೇಕಾ ಅಂತ. ಬೇಕೇ ಬೇಕು ಸರ್. ಮೆಟ್ರೋ ಶುರುವಾಗೋದು ಬೆಳಿಗ್ಗೆ ಐದರ ಸುಮಾರಿಗೆ, ಆರು ಗಂಟೆ ಫ್ಲೈಟಿಗೆ ನೀವು ನಾಲ್ಕಕ್ಕೇ ಅಲ್ಲಿರಬೇಕು. ರಾಜಾಜಿನಗರದಿಂದ ಬ್ಲೂ ಲೈನ್ ಹಿಡಿಯೋಕೆ ಊರು ಸುತ್ತಬೇಕು, ಬಸ್ಸಾದ್ರೆ ನೇರ. ಮೆಟ್ರೋ ಬಂತು ಅಂತ ಬಸ್ ಕಮ್ಮಿ ಮಾಡಿದ್ರೆ ಮೆಟ್ರೋ ಎಷ್ಟು ಹೇಳಿದ್ರೂ ಕೊಡಬೇಕಾಗುತ್ತೆ, ಬ್ರಿಸ್ಬೇನ್‌ನಲ್ಲಿ ಆಗಿರೋದು ಅದೇ ಅಲ್ವಾ. ವಾಯುವಜ್ರದ ಜೊತೆಗೆ ಯಲಹಂಕದಿಂದ, ದೇವನಹಳ್ಳಿಯಿಂದ ಟರ್ಮಿನಲ್ ಒಳಗೇ ಹೋಗೋ ಮಾಮೂಲಿ ಬಸ್, ಶಕ್ತಿ ನಡೆಯೋ ಬಸ್, ಶಿಫ್ಟ್ ಟೈಮ್‌ಗೆ ಸರಿಯಾಗಿ ಬಿಡಿ ಅಂತಾನೂ ಆ ಪತ್ರದಲ್ಲಿ ಸೇರಿಸಿ. ಸಾದಹಳ್ಳಿ ಗೇಟಿಂದ ಟರ್ಮಿನಲ್‌ಗೆ ಇರೋ ಆ ಕೊನೇ ಸ್ವಲ್ಪ ದೂರಕ್ಕೆ ಹೊಸ ಹಳಿ ಬೇಕಾಗಿಲ್ಲ, ಹೊಸ ಸಾಲ ಬೇಕಾಗಿಲ್ಲ, ಬಿಎಂಟಿಸಿಯವರು ಮತ್ತೆ ಏರ್‌ಪೋರ್ಟಿನವರು ಒಂದು ಮೇಜಿಗೆ ಕೂತು ಒಪ್ಕೊಂಡ್ರೆ ಮುಂದಿನ ತಿಂಗಳೇ ಶುರು ಮಾಡಬಹುದು.